ಸರ್ವರ್ ಅಂದರೆ ಯಾವ ಸಾಹೇಬ್ರು?

(ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಂದರೆ ಅಲೆದಾಟ ತಪ್ಪುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ನಂಬಲು ಕಾರಣವಿತ್ತು. ‘ಭೂಮಿ’ ಯೋಜನೆಗೆ ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ಅವರು ಸಿಕ್ಕ ದಿನವೇ ಸುದಿನ. ಆಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ‘ಇ-ಸ್ವತ್ತು’ ಬಂದ ಮೇಲೆ ಮನೆ-ಜಾಗದ ನಮೂನೆ 9, 11 ಕೂಡ ಗ್ರಾಮ ಪಂಚಾಯಿತಿಯ ಕಂಪ್ಯೂಟರಿನಿಂದಲೇ ಬರುವಂತಾಯಿತು.

ಹೋದ ವರ್ಷ ನಮ್ಮ ಓಣಿಯ ಒಬ್ಬ ತಾಯಿ ಬಂದರು. ಗಂಡ ತೀರಿಕೊಂಡಿದ್ದರು, ಮನೆ ಅವರ ಹೆಸರಿಗೆ ಆಗಬೇಕಿತ್ತು. ನಾಲ್ಕು ಸಲ ಪಂಚಾಯಿತಿಗೆ ಹೋದಾಗಲೂ ಒಂದೇ ಉತ್ತರ: “ಸರ್ವರ್ ಇಲ್ಲವಾ, ನಾಳೆ ಬಾ.” ಆಕೆ ನನ್ನನ್ನು ಕೇಳಿದರು, “ಅಣ್ಣಾರ, ಈ ಸರ್ವರ್ ಅಂದ್ರ ಯಾವ ಸಾಹೇಬ್ರು? ದಿನಾ ರಜಾದಾಗ ಇರ್ತಾರಲ್ಲ?” ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು.

‘ಸಕಾಲ’ ಕಾಯ್ದೆ ಬಂದದ್ದು 2011ರಲ್ಲಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವುಂಟು. ಆದರೆ ದಿನಗಳ ಎಣಿಕೆ ಶುರುವಾಗುವುದು ಅರ್ಜಿ ಪಡೆದು ಸಂಖ್ಯೆ ಕೊಟ್ಟ ಮೇಲೆ. ಆ ತಾಯಿಯ ಅರ್ಜಿಯನ್ನು ಒಳಗೇ ತೆಗೆದುಕೊಂಡಿರಲಿಲ್ಲ. ಅಂದಮೇಲೆ ದಾಖಲೆಯಲ್ಲಿ ವಿಳಂಬವೇ ಇಲ್ಲ! ಐದನೆಯ ಸಲ ನಾನೂ ಜೊತೆಗೆ ಹೋದೆ. ಸಂಖ್ಯೆ ಕೊಡುವತನಕ ಏಳುವುದಿಲ್ಲ ಎಂದು ಕುಳಿತೆವು. ಮಧ್ಯಾಹ್ನ ಮೂರಕ್ಕೆ ಚೀಟಿ ಕೈಗೆ ಬಂತು.

ಇಲ್ಲಿ ಓದು ಬಲ್ಲ ಯುವಕರಿದ್ದೀರಿ. ವಾರಕ್ಕೊಂದು ದಿನ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು, ಬಂದವರ ಅರ್ಜಿಗೆ ಸಂಖ್ಯೆ ಕೊಡಿಸಿ. ಸೋಮವಾರ ನಾನು ಕೂಡುತ್ತೇನೆ. ಉಳಿದ ದಿನಗಳಿಗೆ ಈಗಲೇ ಹೆಸರು ಬರೆಸಿ.