ನಂದಿಯ ತಪ್ಪಲಿನ ಬಿಳಿಯ ವೈನ್

ಬಿಸಿಲು ಏರಿದಂತೆ ಮಾವಿನ ಕಾಯಿಯ ಹುಳಿ ಇಳಿದು ಸಿಹಿ ಹೆಚ್ಚುತ್ತದೆ. ದುಮ್ಮವಾಡದ ಒಕ್ಕಲಿಗನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ದ್ರಾಕ್ಷಿಗೂ ನಿಯಮ ಇದೇ. ಆದರೆ ಫ್ರಾನ್ಸಿನ ಲುವಾರ್ ನದಿಯ ಬದಿಯಲ್ಲಿ ಸಾವಿನ್ಯೋ ಬ್ಲಾಂ ಎಂಬ ದ್ರಾಕ್ಷಿಯಿಂದ ಮಾಡುವ ಬಿಳಿಯ ವೈನಿನ ಹಿರಿಮೆ ಇರುವುದು ಸಿಹಿಯಲ್ಲಲ್ಲ; ಹಣ್ಣಿನಲ್ಲಿ ಉಳಿದುಕೊಂಡ ಚುರುಕು ಹುಳಿಯಲ್ಲಿ.

ವೈನ್ ಕುಡಿಯಿರೆಂದು ಹೇಳುವುದು ನನ್ನ ಉದ್ದೇಶವಲ್ಲ. 1949ರ ಮುಂಬಯಿ ಪಾನನಿರೋಧ ಕಾಯದೆಯನ್ನು ಕಂಡ ಸೀಮೆ ನಮ್ಮದು. ನಾನು ಹೇಳಹೊರಟಿರುವುದು ಒಕ್ಕಲುತನದ ಮಾತು: ತಂಪುನಾಡಿನ ಹುಳಿಯನ್ನು ಬಿಸಿಲುನಾಡಿನಲ್ಲಿ ಉಳಿಸಿಕೊಳ್ಳುವುದು ಹೇಗೆ?

ಇದಕ್ಕೆ ಉತ್ತರ ಹುಡುಕಿದವರು ಕನ್ವಲ್ ಗ್ರೋವರ್. ವ್ಯಾಪಾರಕ್ಕಾಗಿ ಫ್ರಾನ್ಸಿಗೆ ಹೋಗಿಬರುತ್ತಿದ್ದ ಇವರು ಅಲ್ಲಿನ ತೋಟಗಳಿಗೆ ಮನಸೋತರು. ಶಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ 35 ಫ್ರೆಂಚ್ ತಳಿಗಳನ್ನು ಪರೀಕ್ಷಿಸಿದರು. ಕೊನೆಗೆ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನಲ್ಲಿ, 1988ರಲ್ಲಿ 40 ಎಕರೆಯಲ್ಲಿ ತೋಟ ಆರಂಭವಾಯಿತು. ಮೊದಲ ವೈನ್ ಹೊರಬಂದುದು 1992ರಲ್ಲಿ. ನಾಲ್ಕು ವರ್ಷ ಬರಿಯ ಖರ್ಚು, ಬರಿಯ ಕಾಯುವಿಕೆ!

ನಂದಿಯೇ ಏಕೆ ಎಂದು ತಾವು ಕೇಳಬಹುದು. ಅಲ್ಲಿ ಹಗಲು ಬಿಸಿಲಿದ್ದರೂ ಎತ್ತರದ ನೆಲವಾದುದರಿಂದ ರಾತ್ರಿ ತಂಪು. ಹಗಲಿನ ಬಿಸಿಲು ಸಕ್ಕರೆಯನ್ನು ಕೂಡಿಸಿದರೆ ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ. ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಬೇಕು. ಬೇಸಿಗೆಯ ಚಾಟ್ನಿ ಹೊಸ ಕಡ್ಡಿಗಾಗಿ. ಮಳೆ ಹಿಂದೆಗೆಯುವಾಗಿನ ಚಾಟ್ನಿ ಹಣ್ಣಿಗಾಗಿ. ಹೀಗೆ ಮಾಡಿದರೆ ಹಣ್ಣು ಮಳೆಗೂ ಸಿಕ್ಕದೆ, ಕಡುಬೇಸಿಗೆಗೂ ಸಿಕ್ಕದೆ, ಚಳಿಯ ರಾತ್ರಿಗಳಲ್ಲಿ ಮಾಗುತ್ತದೆ.

ಕೊಯ್ಲಿಗೂ ಹೊತ್ತುಗೊತ್ತು ಬೇಕು. ಕೆಲವು ದಿನ ತಡವಾದರೂ ಹುಳಿ ಕರಗಿ ವೈನ್ ಸಪ್ಪೆಯಾಗುತ್ತದೆ. ಹೊತ್ತೇರುವ ಮೊದಲೇ ಗೊಂಚಲು ಕೊಯ್ದು, ಹಿಂಡಿ, ರಸವನ್ನು ಉಕ್ಕಿನ ತೊಟ್ಟಿಗಳಲ್ಲಿ ತಂಪಾಗಿಟ್ಟು ನಿಧಾನವಾಗಿ ಹುದುಗಿಸುತ್ತಾರೆ. ಬಿಸಿಯೇರಿದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆ.

ಇಂಥ ತೋಟ ಒಬ್ಬನ ಆಯುಷ್ಯದಲ್ಲಿ ಮುಗಿಯುವ ಕೆಲಸವಲ್ಲ. ಕನ್ವಲರ ಬಳಿಕ ಮಗ ಕಪಿಲ್ ಹೊಣೆ ಹೊತ್ತರು. ಮೊಮ್ಮಗಳು ಕರಿಷ್ಮಾ ಕ್ಯಾಲಿಫೋರ್ನಿಯದ ಡೇವಿಸಿನಲ್ಲಿ ವೈನ್ ಶಾಸ್ತ್ರ ಕಲಿತು ಬಂದರು. 2007ರಲ್ಲಿ ಕರ್ನಾಟಕ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು. ಆ ಹೊತ್ತಿಗೆ ನಂದಿಯ ತೋಟಕ್ಕೆ ಸುಮಾರು ಇಪ್ಪತ್ತು ವರ್ಷ ತುಂಬಿತ್ತು. 2012ರಲ್ಲಿ ಗ್ರೋವರ್ ಸಂಸ್ಥೆ ನಾಸಿಕದ ಕಂಪನಿಯೊಂದರೊಡನೆ ಕೂಡಿ ಗ್ರೋವರ್ ಜಂಪಾ ಎಂಬ ಹೆಸರು ಪಡೆಯಿತು. ಒಂದು ಮನೆತನದ ಹಂಬಲವೂ ಬಂಡವಾಳದ ಲೆಕ್ಕಕ್ಕೆ ತಲೆಬಾಗಬೇಕಾಗುತ್ತದೆ.

ಪರದೇಶದ ಬಳ್ಳಿಯನ್ನು ತರುವುದು ಸುಲಭ. ಅದರ ಹವೆಯನ್ನು ತರಲಾಗದು. ನಮ್ಮ ಮಳೆ, ನಮ್ಮ ಬಿಸಿಲು, ನಮ್ಮ ರಾತ್ರಿಗಳನ್ನು ಅರಿತು ಬಳ್ಳಿಗೆ ಹೊಸ ಪಂಚಾಂಗ ಬರೆಯಬೇಕು. ಹೊಸ ಬೆಳೆಯ ಆಸೆ ಹುಟ್ಟಿದಾಗ ಬೀಜದ ಬೆಲೆಯನ್ನಷ್ಟೇ ಕೇಳದೆ, ಎಷ್ಟು ವರ್ಷ ಕಾಯಬಲ್ಲೆವೆಂಬುದನ್ನೂ ನಾವು ಕೇಳಿಕೊಳ್ಳಬೇಕು.