ಹರಿದು ಹಾಕದೆ ಉಳಿದ ಚೀಟಿ

ನಾನು ಓದಿದ್ದು ಬಿಕಾಂ. ಹಾಗಾಗಿ ಹಳೇ ಕಾಗದ ಅಂದ ಕೂಡಲೇ ಮೊದಲು ಕೇಳೋದು, ರೇಟ್ ಎಷ್ಟು? 1812ರ ಅಕ್ಟೋಬರ್‌ನಲ್ಲಿ ಮಾಸ್ಕೋ ಬಿಟ್ಟು ಹೊರಟ ನೆಪೋಲಿಯನ್, ಸಂಕೇತ ಲಿಪಿಯಲ್ಲಿ ಒಂದು ಪತ್ರ ಕಳಿಸಿದ್ದ. ಕ್ರೆಮ್ಲಿನ್ ಕೋಟೆಯನ್ನು ಸ್ಫೋಟಿಸ್ತೀನಿ ಅನ್ನೋದು ಅದರ ಸಾರ. 2012ರಲ್ಲಿ ಫ್ರಾನ್ಸ್‌ನಲ್ಲಿ ಹರಾಜಾದಾಗ ಅದಕ್ಕೆ ಬಂದ ಬೆಲೆ 1,87,500 ಯೂರೋ!

ಆದರೆ ಸೇನಾಪತಿಗಳು ಬರೆದಿದ್ದರಲ್ಲಿ ನನ್ನ ತಲೇಲಿ ಕೂತಿರೋದು ಬೇರೆ. ಅದನ್ನು ಪತ್ರ ಅನ್ನೋಕೂ ಆಗಲ್ಲ, ಪೆನ್ಸಿಲ್‌ನಲ್ಲಿ ಗೀಚಿದ ಒಂದು ಚೀಟಿ. 1944ರ ಜೂನ್ 5. ಮಾರನೇ ದಿನ ನಾರ್ಮಂಡಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಇಳಿಯಬೇಕು. ಹವಾಮಾನ ಕೆಟ್ಟು, ದಾಳಿ ಆಗಲೇ ಒಂದು ದಿನ ಮುಂದೆ ಹೋಗಿದೆ. ಮಿತ್ರಪಡೆಗಳ ಮಹಾದಂಡನಾಯಕ ಐಸೆನ್‌ಹೋವರ್, ಸೋತರೆ ಹೊರಡಿಸೋಕೆ ಅಂತ ಒಂದು ಹೇಳಿಕೆ ಬರೆದಿಟ್ಟುಕೊಂಡರು.

ಅದರಲ್ಲಿ ಹೊಡೆದುಹಾಕಿದ ಸಾಲು ನೋಡಿ. ಮೊದಲು 'ಸೈನ್ಯವನ್ನು ಹಿಂದಕ್ಕೆ ಕರೆಸಲಾಗಿದೆ' ಅನ್ನೋ ಧಾಟಿ. ನಮ್ಮ ಸರ್ಕಾರಿ ಪ್ರಕಟಣೆಗಳ ಥರ; ಯಾರು ಕರೆಸಿದ್ರು ಅಂತ ಗೊತ್ತಾಗಲ್ಲ. ಅದನ್ನು ಹೊಡೆದು, 'ನಾನು ಕರೆಸಿದ್ದೇನೆ' ಅಂತ ತಿದ್ದಿದರು. ತಪ್ಪೇನಿದ್ದರೂ ನನ್ನೊಬ್ಬನದೇ ಅಂತ ಮುಗಿಸಿ, ಆ ಕೊನೆಯ ಮಾತಿಗೆ ಅಡಿಗೆರೆ ಎಳೆದರು. ತಾರೀಕು ಮಾತ್ರ ತಪ್ಪಾಗಿ ಜುಲೈ 5 ಅಂತ ಹಾಕಿದ್ದಾರೆ.

ದಾಳಿ ಗೆದ್ದಿತು. ಚೀಟಿ ಪರ್ಸ್‌ನಲ್ಲೇ ಉಳೀತು. ಕೆಲವು ವಾರಗಳ ನಂತರ ಅದು ಕೈಗೆ ಸಿಕ್ಕಾಗ ಸಹಾಯಕ ಹ್ಯಾರಿ ಬುಚರ್‌ಗೆ ತೋರಿಸಿದರು. ಹಿಂದಿನ ದಾಳಿಗಳ ಮುಂಚೆಯೂ ಇಂಥವನ್ನು ಬರೆದು, ಆಮೇಲೆ ಹರಿದು ಹಾಕಿದ್ದರಂತೆ. ಇದನ್ನು ನನಗೆ ಕೊಡಿ ಅಂತ ಬುಚರ್ ಕೇಳಿದರು. ಕೇಳಿದ್ದಕ್ಕೇ ಅದು ಇವತ್ತು ಕ್ಯಾನ್ಸಸ್‌ನ ಅಬಿಲೀನ್‌ನಲ್ಲಿರೋ ಐಸೆನ್‌ಹೋವರ್ ಗ್ರಂಥಾಲಯದಲ್ಲಿದೆ.

ಪತ್ರ ಸಂಗ್ರಹ ಅಂದ್ರೆ ದುಡ್ಡಿದ್ದವರ ಆಟ ಅಂದ್ಕೊಂಡಿದ್ದೆ. ಅಲ್ಲ, ಸರಿಯಾದ ಹೊತ್ತಲ್ಲಿ ಒಬ್ಬರು ಕೇಳಿದರೆ ಸಾಕು.

ನಮ್ಮಜ್ಜ ದಂಡನಾಯಕರೇನಲ್ಲ, ಸಿಪಾಯಿ. 1971ರ ಯುದ್ಧದ ವೇಳೆ ಅಜ್ಜಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಅಟ್ಟದ ಮೇಲಿತ್ತು. ಮನೆಗೆ ಸುಣ್ಣ ಹೊಡೆಸುವಾಗ ಹಂಡೆ ಒಲೆಗೆ ಹೋಯ್ತು ಅಂತಲೇ ಇಷ್ಟು ವರ್ಷ ಹೇಳ್ತಾ ಬಂದಿದ್ದೆ. ಇವತ್ತು ಆ ಸಾಲು ತಿದ್ದುತ್ತೇನೆ. ಒಲೆಗೆ ಹಾಕಿದ್ದು ನಾನು. ಆಗ ನನಗೆ ಹದಿನೈದು. ಒಂದನ್ನೂ ಬಿಚ್ಚಿ ಓದಲಿಲ್ಲ, ಅಜ್ಜಿಯನ್ನು ಕೇಳಲೂ ಇಲ್ಲ.

ನಿಮ್ಮ ಮನೇಲಿ ಅಂಥ ಕಟ್ಟು ಇದ್ದರೆ ಇವತ್ತೇ ಕೇಳಿ. ಮುಂದಿನ ವಾರ ಸಿಗೋಣ.