ಮನಸ್ಸಿನ ಆರೋಗ್ಯವೂ ಭಗವತ್ಸೇವೆಯೂ

(ಮಧ್ವನವಮಿಯ ಅಂಗವಾಗಿ ನಮ್ಮ ಶಾಖಾ ಮಠದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಈ ವೇದಿಕೆಯ ಮೇಲೆ ನಿಂತು ಶಾಸ್ತ್ರವಿಚಾರವನ್ನು ಹೇಳುವ ಅಧಿಕಾರ ನನಗಿಲ್ಲ. ನಾನು ವೈದ್ಯನೂ ಅಲ್ಲ. ಡಿಪ್ಲೊಮಾ ಓದಿ, ರೈಲ್ವೆಯಲ್ಲಿ ಹಳಿಗಳ ನಿರ್ವಹಣೆಯ ಕೆಲಸದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನು. ಆದರೂ ಮನಸ್ಸಿನ ಆರೋಗ್ಯವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಒಪ್ಪಿಕೊಂಡಿದ್ದೇನೆ. ಅದಕ್ಕೆ ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ನನಗೆ ತಿಳಿದಿರುವ ವಿಷಯದಿಂದಲೇ ಆರಂಭಿಸುತ್ತೇನೆ. ಹಿಂದೆ ಹಳಿಗಳ ತುಂಡುಗಳನ್ನು ಜೋಡಿಸುವಾಗ ನಡುವೆ ಸ್ವಲ್ಪ ಸಂದು ಬಿಡುತ್ತಿದ್ದರು. ಬಿಸಿಲಿಗೆ ಉಕ್ಕು ಹಿಗ್ಗಿದರೆ ಅದಕ್ಕೆ ಅವಕಾಶವಿರಲೆಂಬುದೇ ಉದ್ದೇಶ. ಈಗ ಹಳಿಗಳನ್ನು ಬೆಸೆದು ಬಹುದೂರದವರೆಗೆ ಒಂದೇ ಆಗಿ ಮಾಡುತ್ತಾರೆ. ಸಂದು ಇಲ್ಲ. ಹಿಗ್ಗಲು ಅವಕಾಶವಿಲ್ಲದ ಹಳಿಯೊಳಗೆ ಬೇಸಿಗೆಯಲ್ಲಿ ಒತ್ತಡ ತುಂಬಿಕೊಳ್ಳುತ್ತದೆ. ಹೊರಗೆ ಏನೂ ಕಾಣಿಸದು. ಒತ್ತಡ ಮಿತಿಮೀರಿದರೆ ಹಳಿ ಪಕ್ಕಕ್ಕೆ ಬಾಗಿಬಿಡುತ್ತದೆ. ಆದುದರಿಂದ ಸರಿಯಾದ ಉಷ್ಣತೆಯಲ್ಲಿ ಹಳಿಯ ಬಿಗಿತಗಳನ್ನು ಸಡಿಲಿಸಿ, ಅದು ತನ್ನ ಸಹಜ ಸ್ಥಿತಿಗೆ ಬರುವಂತೆ ಮಾಡಿ, ಮತ್ತೆ ಬಿಗಿಯುತ್ತೇವೆ. ಇದಕ್ಕೆ ಡಿ-ಸ್ಟ್ರೆಸಿಂಗ್ ಎಂದು ಹೆಸರು. ಇದಲ್ಲದೆ ಕಣ್ಣಿಗೆ ಕಾಣದ ಒಳಬಿರುಕನ್ನು ಶಬ್ದತರಂಗದ ಯಂತ್ರದಿಂದ ಹುಡುಕುತ್ತೇವೆ. ಬಿರುಕು ಸಿಕ್ಕರೆ ಹಳಿಯನ್ನು ಯಾರೂ ನಿಂದಿಸುವುದಿಲ್ಲ, ದುರಸ್ತಿ ಮಾಡುತ್ತಾರೆ.

ನಮ್ಮ ಈ ಭಾಗದ ಜೀವನವೂ ಸಂದಿಲ್ಲದ ಹಳಿಯಂತಾಗಿದೆ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ನಮ್ಮ ಥಾಣೆಯಲ್ಲಿ. ಮರುವರ್ಷ ಅದು ಕಲ್ಯಾಣವನ್ನು ತಲುಪಿತು. ಅಂದಿನಿಂದ ಈ ಊರುಗಳ ದಿನಚರಿಯನ್ನು ನಿರ್ಧರಿಸುವುದು ರೈಲಿನ ವೇಳಾಪಟ್ಟಿಯೇ. ನಸುಕಿನಲ್ಲಿ ಸ್ನಾನ, ಸಂಧ್ಯಾವಂದನೆ, ಡಬ್ಬಿ, ಡೊಂಬಿವಲಿಯ ಫಾಸ್ಟ್ ಲೋಕಲಿನ ಬಾಗಿಲಲ್ಲಿ ಒಂದು ಕಾಲಿಡಲು ಹೋರಾಟ, ರಾತ್ರಿ ಮರಳಿ ಬರುವಷ್ಟರಲ್ಲಿ ಮಕ್ಕಳಿಗೆ ನಿದ್ರೆ. ಖಾರ್ಘರ್, ನೆರೂಳಿನ ದೊಡ್ಡ ಕಟ್ಟಡಗಳಲ್ಲಿ ಇನ್ನೊಂದು ಬಗೆಯ ಒತ್ತಡ: ಮಕ್ಕಳು ವಿದೇಶದಲ್ಲಿ, ವೃದ್ಧ ದಂಪತಿಗಳಿಬ್ಬರೇ ಮನೆಯಲ್ಲಿ. ಊರಲ್ಲಾದರೆ ಜಗುಲಿಗೆ ಬಂದು ಕುಳಿತವರೊಡನೆ ಮನಸ್ಸು ಹಗುರಾಗುತ್ತಿತ್ತು. ಇಲ್ಲಿ ಬಾಗಿಲು ಸದಾ ಮುಚ್ಚಿದೆ.

ಇನ್ನು ನನ್ನ ಮಾತು. ನಿವೃತ್ತನಾದ ಮರುವರ್ಷ ನನಗೆ ನಿದ್ರೆ ಹೋಯಿತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಊಟ ರುಚಿಸದು, ಮಾತು ಬೇಡ, ಮೊಮ್ಮಗುವನ್ನು ಎತ್ತಿಕೊಂಡರೂ ಸಂತೋಷವಿಲ್ಲ. ಜಪಕ್ಕೆ ಕುಳಿತರೆ ಸಂಖ್ಯೆ ತಪ್ಪುತ್ತಿತ್ತು. ಇದು ನನ್ನ ಭಕ್ತಿಯ ಕೊರತೆಯೆಂದೇ ಭಾವಿಸಿದೆ. ಹಿತೈಷಿಗಳೊಬ್ಬರು ಗಾಯತ್ರೀ ಜಪವನ್ನು ಹೆಚ್ಚಿಸಲು ಹೇಳಿದರು. ಹೆಚ್ಚಿಸಿದೆ, ಅದೂ ಸಾಗದಿದ್ದಾಗ ನಾನೊಬ್ಬ ಪಾಪಿಯೆಂಬ ಭಾವನೆ ಇಮ್ಮಡಿಯಾಯಿತು. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಒಂದು ರಾತ್ರಿ, “ನಾನು ಇಲ್ಲದಿದ್ದರೂ ಮನೆ ನಡೆಯುತ್ತದೆ” ಎಂಬ ಮಾತು ಬಾಯಿಂದ ಹೊರಬಿತ್ತು. ನನ್ನ ಪತ್ನಿ ಓದಿದ್ದು ಕಡಿಮೆ. ಆದರೆ ಆಕೆ ಗದರಲಿಲ್ಲ, ಅಳಲಿಲ್ಲ. ಪಕ್ಕದಲ್ಲಿ ಕುಳಿತು, “ಖರೇ ಹೇಳ್ರಿ, ಜೀವಾನ ಬ್ಯಾಡ ಅನಸ್ಲಿಕ್ಕತ್ತದೇನು ನಿಮಗ?” ಎಂದು ನೇರವಾಗಿಯೇ ಕೇಳಿದಳು. ಹೌದೆಂದೆ. ಮರುದಿನವೇ ನಮ್ಮ ಕುಟುಂಬವೈದ್ಯರ ಬಳಿಗೆ, ಅಲ್ಲಿಂದ ಮನೋವೈದ್ಯರ ಬಳಿಗೆ ಕರೆದೊಯ್ದಳು. ಇಂದು ನಾನು ತಮ್ಮ ಮುಂದೆ ನಿಂತಿರುವುದು ಶ್ರೀಹರಿವಾಯುಗುರುಗಳ ಅನುಗ್ರಹದಿಂದ. ಆ ಅನುಗ್ರಹವು ಆಕೆಯ ಆ ಒಂದು ಪ್ರಶ್ನೆಯ ರೂಪದಲ್ಲಿ ಬಂತೆಂದು ನಂಬಿದ್ದೇನೆ.

ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆಯೆಂದು ಅನೇಕರು ಹೆದರುತ್ತಾರೆ. ಹಾಗಿಲ್ಲವೆಂಬುದು ವೈದ್ಯರ ಅನುಭವ. ಪ್ರೀತಿಯಿಂದ ಕೇಳಿದರೆ ಎದೆಯ ಭಾರ ಇಳಿಯುತ್ತದೆ.

ದುಃಖವೆಲ್ಲವೂ ರೋಗವಲ್ಲ. ಮಗನ ಪರೀಕ್ಷೆಯ ಚಿಂತೆ, ಬಂಧುವಿಯೋಗದ ಶೋಕ ಇವು ಸಂಸಾರದ ಸಹಜ ಧರ್ಮಗಳು. ಮಾತು, ಭಜನೆ, ಕಾಲ ಇವುಗಳಿಂದ ಕಡಿಮೆಯಾಗುತ್ತವೆ. ಆದರೆ ಬೇಸರ ಅಥವಾ ನಿರಾಸಕ್ತಿ ಎರಡು ವಾರಗಳಿಗೂ ಮಿಕ್ಕಿ ಹೆಚ್ಚುಕಡಿಮೆ ದಿನವಿಡೀ ಇದ್ದು, ನಿದ್ರೆ, ಹಸಿವು, ನಿತ್ಯದ ಕೆಲಸಗಳು ಕೆಟ್ಟರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆನಿಸಿದರಂತೂ ಎರಡು ವಾರ ಕಾಯದೆ ಅಂದೇ ಕಾಣಬೇಕು. ಶಾಕಾಹಾರಿಗಳಾದ ನಮ್ಮಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಅದರಿಂದಲೂ, ಥೈರಾಯ್ಡ್ ದೋಷದಿಂದಲೂ ಇಂತಹ ಲಕ್ಷಣಗಳು ಕಾಣಿಸಿಕೊಳ್ಳಬಹುದು. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ. ಮಹಾನಗರಗಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲ. ಈ ಸಭಾಂಗಣದಲ್ಲಿ ಎಷ್ಟು ಜನರಿದ್ದೇವೆಂದು ತಾವೇ ಎಣಿಸಿ ನೋಡಿ.

ಚಿಕಿತ್ಸೆಗೆ ಅಡ್ಡಿಯಾಗಿರುವುದು ಮುಖ್ಯವಾಗಿ ನಾಚಿಕೆ. ಥಾಣೆಯ ಮನೋರೋಗ ಆಸ್ಪತ್ರೆ 1901ರಷ್ಟು ಹಳೆಯದು. ಯಾರಾದರೂ ವಿಚಿತ್ರವಾಗಿ ಮಾತನಾಡಿದರೆ “ಇವನನ್ನು ಥಾಣೆಗೆ ಕಳುಹಿಸಬೇಕು” ಎಂದು ನಗುವುದು ಮುಂಬಯಿಯ ರೂಢಿ. ಬೆಂಗಳೂರಿನಲ್ಲಿ ನಿಮ್ಹಾನ್ಸಿನ ಹೆಸರು ಹೇಳಿ ನಗುತ್ತಾರೆ. ಈ ನಗೆಯನ್ನು ಕೇಳುತ್ತಾ ಬೆಳೆದವನು ತನಗೇ ಕಷ್ಟ ಬಂದಾಗ ಬಾಯಿ ತೆರೆಯುವುದು ಹೇಗೆ? ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ಮನೆಗಳು ನಮ್ಮಲ್ಲೇ ಇವೆ. ಅದೇ ಥಾಣೆಯಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿಯವರು ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಸಾಮಾನ್ಯ ಕುಟುಂಬಗಳು ಮನಸ್ಸಿನ ವಿಚಾರಕ್ಕಾಗಿ ಸಂಕೋಚವಿಲ್ಲದೆ ಬರಬಹುದೆಂದು ತೋರಿಸಿಕೊಟ್ಟಿದ್ದಾರೆ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ನೀಡಿ, ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಔಷಧಿ ತೆಗೆದುಕೊಳ್ಳುವುದು ಶ್ರದ್ಧೆಗೆ ವಿರೋಧವೇ ಎಂದು ಕೆಲವರು ಕೇಳುತ್ತಾರೆ. ನಾನು ಪಾಠ ಕೇಳಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ತಪ್ಪಿದ್ದರೆ ವಿದ್ವಾಂಸರು ತಿದ್ದಬೇಕು. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲವೂ ಪರತಂತ್ರ. ಹೀಗಿರುವಾಗ “ನನಗೆ ಯಾರ ಸಹಾಯವೂ ಬೇಡ, ನಾನೇ ಗೆಲ್ಲುತ್ತೇನೆ” ಎಂಬುದು ಭಕ್ತನ ಮಾತಾಗಲಾರದು. ವೈದ್ಯನಲ್ಲಿಯೂ ಔಷಧಿಯಲ್ಲಿಯೂ ನಿಂತು ಗುಣಪಡಿಸುವವನು ಧನ್ವಂತರಿರೂಪಿಯಾದ ಅವನೇ ಅಲ್ಲವೇ? ತಾರತಮ್ಯವೂ ನಮ್ಮ ಸಿದ್ಧಾಂತ. ಎಲ್ಲ ಜೀವರ ಯೋಗ್ಯತೆ ಒಂದೇ ಅಲ್ಲವೆಂದು ಒಪ್ಪುವ ನಾವು ಪಕ್ಕದ ಮನೆಯ ಹುಡುಗನ ಅಂಕಗಳೊಡನೆ ನಮ್ಮ ಮಗುವನ್ನು ತೂಗುವುದು ನ್ಯಾಯವಲ್ಲ.

ಗೀತೆಯ ಮೊದಲನೆಯ ಅಧ್ಯಾಯವನ್ನು ನೆನೆಯಿರಿ. ಮಹಾವೀರನಾದ ಅರ್ಜುನನ ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಗಾಂಡೀವ ಜಾರುತ್ತದೆ. ಅಧ್ಯಾಯದಾದ್ಯಂತ ಶ್ರೀಕೃಷ್ಣನು ಆಡುವುದು ಒಂದೇ ಮಾತು. ಉಳಿದಂತೆ ಅವನು ಕೇಳುತ್ತಾನೆ. ಎಚ್ಚರಿಕೆ, ಉಪದೇಶಗಳು ಆಮೇಲೆ ಬರುತ್ತವೆ. ನಾವಾದರೋ ಎರಡನೆಯ ವಾಕ್ಯಕ್ಕೇ ಉಪದೇಶ ಆರಂಭಿಸುತ್ತೇವೆ. ಮಿತವಾದ ಆಹಾರ, ವಿಹಾರ, ನಿದ್ರೆಗಳನ್ನು ಆರನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ. ಮನಸ್ಸನ್ನು ನಿಗ್ರಹಿಸುವುದು ಕಷ್ಟವೆಂದು ಒಪ್ಪಿಕೊಂಡಿದ್ದಾನೆ.

ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. ನಮ್ಮಲ್ಲಿ ಏಕಾದಶಿಯಂದು ನೀರನ್ನೂ ಮುಟ್ಟದವರಿದ್ದಾರೆ. ಮನೋರೋಗಕ್ಕೆ ಕೊಡುವ ಕೆಲವು ಮಾತ್ರೆಗಳನ್ನು, ವಿಶೇಷವಾಗಿ ಲಿಥಿಯಂ ಸೇವಿಸುವವರು ನಿರ್ಜಲ ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಅಂಶ ಏರಿ ಅಪಾಯವಾಗಬಹುದು. ನೀರು, ಹಾಲು, ಹಣ್ಣು, ಗುರುವಿನ ಮಾತು, ಔಷಧಿ ಇವು ವ್ರತಭಂಗ ಮಾಡವೆಂದು ಶಾಸ್ತ್ರವಚನವಿರುವುದನ್ನು ಹಿರಿಯರಿಂದ ಕೇಳಿದ್ದೇನೆ. ಅಂಥವರು ವೈದ್ಯರನ್ನೂ ಮಠದ ವಿದ್ವಾಂಸರನ್ನೂ ಮುಂಚಿತವಾಗಿ ಕೇಳಿಕೊಳ್ಳಬೇಕು. ಯಾರಿಗೂ ತಿಳಿಸದೆ ಮಾತ್ರೆ ಬಿಡಬಾರದು. ಖಿನ್ನತೆಯ ಮಾತ್ರೆಗಳು ಫಲ ಕೊಡಲು ಕೆಲವು ವಾರಗಳೇ ಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ನಾನು ಮೊದಲ ವಾರದಲ್ಲೇ ಇದರಿಂದ ಏನೂ ಆಗದೆಂದು ನಿಲ್ಲಿಸಹೊರಟಿದ್ದೆ.

ಕಾನೂನೂ ನಮ್ಮ ಬೆಂಬಲಕ್ಕಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರ ಮೇ 29ರಿಂದ ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಿ ಅವನಿಗೆ ಆರೈಕೆ ಒದಗಿಸಬೇಕೆಂಬುದು ಅದರ ಆಶಯ. ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆಯ ಸೌಲಭ್ಯ ಕೊಡಬೇಕೆಂದೂ ಅದು ವಿಧಿಸುತ್ತದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತ. ಕನ್ನಡ, ಮರಾಠಿ, ಹಿಂದಿ ಭಾಷೆಗಳಲ್ಲಿಯೂ ಲಭ್ಯ. ಮನೆಯ ಪಂಚಾಂಗದ ಮೇಲೆ ಈ ಐದು ಅಂಕಿಗಳನ್ನು ಬರೆದಿಡಿರೆಂದು ಪ್ರಾರ್ಥಿಸುತ್ತೇನೆ.

ಕೊನೆಯದಾಗಿ ಎರಡು ಬಿನ್ನಹಗಳು. ಭಾನುವಾರದ ಮೆಗಾ ಬ್ಲಾಕನ್ನು ತಾವೆಲ್ಲರೂ ಬೈಯುತ್ತೀರಿ. ಆ ಬೈಗಳನ್ನು ಬಹುಕಾಲ ಕೇಳಿದವನು ನಾನು! ಆದರೆ ಕೆಲವು ಗಂಟೆ ಗಾಡಿ ನಿಲ್ಲಿಸದಿದ್ದರೆ ಮರುದಿನ ಸುರಕ್ಷಿತವಾಗಿ ಓಡಿಸಲಾಗದು. ಪ್ರತಿ ಮನೆಯಲ್ಲೂ ದಿನಕ್ಕೆ ಅರ್ಧ ತಾಸು ಫೋನು, ಟಿ.ವಿ. ನಿಲ್ಲಿಸಿ, ಒಟ್ಟಿಗೆ ಕುಳಿತು ದೇವರನಾಮ ಹೇಳಿ, ಬಳಿಕ ಒಬ್ಬರ ಮಾತನ್ನು ಮತ್ತೊಬ್ಬರು ಕೇಳಿರಿ. ಎರಡನೆಯದು ಮಠಕ್ಕೆ ಸಂಬಂಧಿಸಿದ್ದು. ಭಜನೆಗೆ ತಪ್ಪದೆ ಬರುತ್ತಿದ್ದವರು ಎರಡು ವಾರ ಕಾಣದಿದ್ದರೆ, ಪ್ರಸಾದದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕೂರುತ್ತಿದ್ದವರು ಅವರಿಗೊಂದು ಫೋನು ಮಾಡಲಿ. “ಯಾಕೆ ಬರಲಿಲ್ಲ?” ಎನ್ನುವ ಬದಲು “ಹೇಗಿದ್ದೀರಿ?” ಎಂದು ಕೇಳಲಿ. ನಾನು ಎಂಟು ತಿಂಗಳು ಬಾರದಿದ್ದಾಗ ಆ ಫೋನಿಗಾಗಿ ಕಾದಿದ್ದೆ.

ದೀರ್ಘವಾಗಿ ಮಾತನಾಡಿದ್ದಕ್ಕೆ ಕ್ಷಮೆ ಕೋರುತ್ತೇನೆ. ಮನೋನಿಯಾಮಕರಾದ ರುದ್ರದೇವರೂ, ಜೀವೋತ್ತಮರಾದ ಮುಖ್ಯಪ್ರಾಣದೇವರೂ, ಅವರ ಅಂತರ್ಯಾಮಿಯಾದ ಶ್ರೀಹರಿಯೂ ನಮ್ಮೆಲ್ಲರ ಮನಸ್ಸನ್ನು ಸನ್ಮಾರ್ಗದಲ್ಲಿ ನಡೆಸಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.

॥ ಶ್ರೀ ಕೃಷ್ಣಾರ್ಪಣಮಸ್ತು ॥